ಅಡುಗೆಮನೆಗೆ ಕೇಳುತ್ತಿದ್ದ ಎಂಜಿನ್ನುಗಳು

ನಮ್ಮ ಅಡುಗೆಮನೆಗೂ ನನ್ನ ಗಂಡನ ಗ್ಯಾರೇಜಿಗೂ ನಡುವೆ ಇರುವುದು ಒಂದೇ ಗೋಡೆ. ಹೊಸಪೇಟೆಯಿಂದ ಟಿ.ಬಿ. ಡ್ಯಾಂ ಕಡೆ ಹೋಗುವ ರಸ್ತೆಗೆ ಮುಖ ಮಾಡಿ ಗ್ಯಾರೇಜು, ಅದರ ಬೆನ್ನಿಗೆ ಮನೆ. ಗೋಡೆಯ ಮೇಲುಗಡೆ ಒಲೆಯ ಹೊಗೆ ಹೋಗಲೆಂದು ಬಿಟ್ಟ ಜಾಲಿ ಕಿಂಡಿಯಿದೆ. ಅದರಲ್ಲಿ ನಮ್ಮ ಒಗ್ಗರಣೆಯ ಹೊಗೆ ಆಚೆ ಹೋದದ್ದಕ್ಕಿಂತ ಗಾಡಿಗಳ ಹೊಗೆ ಈಚೆ ಬಂದದ್ದೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ಸಾರಿಗೂ ಪೆಟ್ರೋಲಿನ ವಾಸನೆ ಬರುತ್ತದೆ ಎನಿಸಿ ಅರ್ಧ ಊಟಕ್ಕೇ ಏಳುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು.

ನನ್ನ ಗಂಡ ಮಾಡುವುದು ಹಳೆಯ ಗಾಡಿಗಳ ಕೆಲಸ. ಅದರಲ್ಲೂ ಕಾರ್ಬೊರೇಟರು ಮತ್ತು ಇಗ್ನಿಷನ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು ಮೊದಲನೆಯದು. ಅದನ್ನು ಉರಿಸಲು ಸರಿಯಾದ ಹೊತ್ತಿಗೆ ಕಿಡಿ ಕೊಡುವುದು ಎರಡನೆಯದು. ಈಗಿನ ಗಾಡಿಗಳಲ್ಲಿ ಇವೆರಡನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಾಗಾಗಿ ಈ ಕೆಲಸ ಬಲ್ಲವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಅವರು ಮುಚ್ಚಿದಷ್ಟೂ ನಮ್ಮಲ್ಲಿಗೆ ಬರುವವರು ಹೆಚ್ಚಾದರು. ಹಂಪಿಯ ಪೂಜಾರಿಯೊಬ್ಬರ ಸ್ಕೂಟರು, ಸಂಡೂರಿನ ಗಣಿಯವರು ಹರಾಜು ಹಾಕಿದ ಪೆಟ್ರೋಲ್ ಜೀಪು, ಯಾರದೋ ಅಜ್ಜ ಬಿಟ್ಟುಹೋದ ಮೋಟಾರ್‌ಸೈಕಲ್ಲು, ಎಲ್ಲವೂ ನಮ್ಮ ಗೋಡೆಯ ಆಚೆಗೆ ಬಂದು ನಿಂತು, ಕೆಮ್ಮಿ, ಸುಧಾರಿಸಿಕೊಂಡು ಹೋಗುತ್ತಿದ್ದವು.

ಗುರುತು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಗಾಡಿಯೇ ಇಲ್ಲದೆ ಬರೀ ಕಾರ್ಬೊರೇಟರನ್ನು ಹಳೇ ಲುಂಗಿಯಲ್ಲಿ ಕಟ್ಟಿಕೊಂಡು ಬರುವವರಿರುತ್ತಾರೆ. "ಇದು ಯಾವ್ ಗಾಡೀದ್ರಿ ಮೇಸ್ತ್ರಿ?" ಎಂದು ಕೇಳಿದರೆ ಅವರು ಮೊದಲು ಅಂಗೈಯಲ್ಲಿಟ್ಟು ತೂಕ ನೋಡುತ್ತಾರೆ. ನಕಲಿ ಮಾಲು ಹಗುರ ಇರುತ್ತದಂತೆ. ಆಮೇಲೆ ಅದರ ಬಾಯಿಯೊಳಗೆ ಬೆರಳು ತೂರಿಸಿ ಅಗಲ ಅಂದಾಜು ಮಾಡುತ್ತಾರೆ, ಮುಚ್ಚಳಕ್ಕೆ ಮೂರು ಸ್ಕ್ರೂವೋ ನಾಲ್ಕೋ ಎಣಿಸುತ್ತಾರೆ, ಪೆಟ್ರೋಲ್ ಪೈಪು ಎಡಕ್ಕೆ ಬರುತ್ತದೋ ಬಲಕ್ಕೋ ನೋಡುತ್ತಾರೆ. ಕೊನೆಗೆ ಹಲ್ಲುಜ್ಜುವ ಬ್ರಶ್ಶಿನಿಂದ ಜಿಡ್ಡು ತಿಕ್ಕಿ, ಎರಕದ ಮೇಲಿನ ನಂಬರನ್ನು ಕನ್ನಡಕದೊಳಗಿಂದ ಓದುತ್ತಾರೆ. ಅಷ್ಟರಲ್ಲಿ ಅವರಿಗೆ ಗೊತ್ತಾಗಿಯೇ ಇರುತ್ತದೆ; ನಂಬರು ಬರೀ ಖಾತ್ರಿಗೆ.

ನಾನು ಕಂಪ್ಲಿಯವಳು. ನಮ್ಮಪ್ಪನ ಗದ್ದೆಯಲ್ಲಿ ಒಂದು ಸೀಮೆಎಣ್ಣೆ ಪಂಪಿತ್ತು. ಪೆಟ್ರೋಲಿನಲ್ಲಿ ಹಚ್ಚಿ, ಎಂಜಿನ್ ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬಿಡಬೇಕು. ಅಪ್ಪ ಮಡಿಗಳಿಗೆ ನೀರು ಕಟ್ಟುತ್ತ ದೂರ ಹೋದರೆ ಎಂಜಿನ್ನಿನ ಬಳಿ ಕೂರುವ ಕೆಲಸ ನನ್ನದು. ಅದರ ಸದ್ದು ಒಂದು ಚೂರು ತೆಳುವಾದರೂ ಎದ್ದು ಹೋಗಿ ಚೋಕ್ ಎಳೆಯಬೇಕು. ತಡಮಾಡಿದರೆ ನಿಂತೇ ಹೋಗುತ್ತದೆ. ಮತ್ತೆ ಹಗ್ಗ ಸುತ್ತಿ ಎಳೆಯಲು ಅಪ್ಪನೇ ಕೆಸರು ತುಳಿದು ಬರಬೇಕು, ಬೈಗುಳ ನನಗೆ. ಹೀಗಾಗಿ ಒಂದು ಎಂಜಿನ್ ನೆಟ್ಟಗಿದೆಯೋ ಇಲ್ಲವೋ ಎಂಬುದು ನನ್ನ ಕಿವಿಗೆ ಮೊದಲಿನಿಂದ ತಿಳಿಯುತ್ತಿತ್ತು. ಅದೊಂದು ವಿದ್ಯೆ ಎಂದು ಮಾತ್ರ ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಗಂಡನ ಕಿವಿ ಮಂದವಾಗುತ್ತಿದೆ ಎಂದು ನಾನು ಬೇಗ ತಿಳಿಯಲಿಲ್ಲ, ಅದು ನನ್ನ ತಪ್ಪು. ಟಿ.ವಿ. ಸದ್ದು ಏರುತ್ತ ಹೋಯಿತು. ಕುಕ್ಕರ್ ನೋಡಿಕೊಳ್ಳಿ ಎಂದು ಹೇಳಿ ನಾನು ಬೀದಿ ನಲ್ಲಿಗೆ ಹೋದರೆ, ಮೂರು ಸೀಟಿಯಲ್ಲ, ಹತ್ತು ಸೀಟಿಯಾದರೂ ಅವರು ಪೇಪರ್ ಓದುತ್ತ ಕುಳಿತಿರುತ್ತಿದ್ದರು. ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳದ ಗಂಡಂದಿರು ಊರ ತುಂಬ ಇದ್ದಾರಲ್ಲ, ಇವರೂ ಅಷ್ಟೇ ಎಂದುಕೊಂಡೆ. ಅವರೋ, ಎದುರಿಗಿದ್ದವರು ಬಾಯಲ್ಲೇ ಮಾತು ನುಂಗುತ್ತಾರೆ ಎಂದು ದೂರುತ್ತಿದ್ದರು.

ಆ ವರ್ಷವೇ ಡ್ಯಾಮಿನ ಸಾಹೇಬರ ಜೀಪು ಬಂತು. ಸಾಹೇಬರು ಕಾಲುವೆ ಕಚೇರಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಮೃದು ಮಾತಿನ ಮನುಷ್ಯ. ಕೆಲಸದಲ್ಲಿದ್ದಾಗ ಕಾಲುವೆ ಏರಿಯ ಮೇಲೆ ಓಡಾಡಿದಂಥದೇ ಜೀಪು ಬೇಕೆಂದು ಹುಡುಕಿ, ಸಂಡೂರಿನಿಂದ ಒಂದು ಹಳೆಯ ಪೆಟ್ರೋಲ್ ಜೀಪು ತಂದಿದ್ದರು. ಅದರ ಕಾಯಿಲೆ ಇಷ್ಟೇ: ಮನೆಯಿಂದ ಹೊರಟಾಗ ಚೆನ್ನಾಗಿರುತ್ತಿತ್ತು. ಬಿಸಿಯಾದ ಮೇಲೆ ರೈಲ್ವೆ ಗೇಟಿನಲ್ಲಿ ನಿಂತರೆ ಏದುಸಿರು ಬಿಟ್ಟು ಆಫ್ ಆಗುತ್ತಿತ್ತು. ಗೇಟು ತೆರೆದಾಗ ಹಿಂದಿನ ಲಾರಿಯವರು ಹಾರ್ನ್ ಹೊಡೆಯುವುದು, ಸಾಹೇಬರು ಬೆವರುವುದು.

ನನ್ನ ಗಂಡ ಕಾರ್ಬೊರೇಟರ್ ಇಳಿಸಿ, ಪೂರ್ತಿ ಬಿಚ್ಚಿ, ಪೆಟ್ರೋಲ್ ಹಾಯುವ ಜೆಟ್ಟುಗಳನ್ನು ಊದಿ, ಹೊಸ ಪ್ಯಾಕಿಂಗ್ ಹಾಕಿ ಕೂಡಿಸಿದರು. ಜೀಪು ಹೋಯಿತು. ಮೂರು ದಿನಕ್ಕೆ ಮತ್ತೆ ಬಂತು. ಈ ಸಲ ಒಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಎತ್ತರ ಸರಿಮಾಡಿದರು, ಕಿಡಿ ಕೊಡುವ ಪಾಯಿಂಟುಗಳ ಅಂತರ ನೋಡಿದರು, ಪ್ಲಗ್ ಬದಲಿಸಿದರು. ವಾರವಾಗುವುದರೊಳಗೆ ಮೂರನೇ ಸಲ ಬಂತು. ಆಗ ಅವರು ಕಪಾಟಿನಿಂದ ತಮ್ಮದೇ ಇನ್ನೊಂದು ಕಾರ್ಬೊರೇಟರ್ ತೆಗೆದು ಕೂರಿಸಿದರು. ಅದು ತಾವೇ ಕೈಯಾರೆ ಕಟ್ಟಿದ್ದು, ಅದರಲ್ಲಿ ದೋಷವಿಲ್ಲವೆಂದು ಆಣೆ ಇಡಬಲ್ಲರು. ಆದರೂ ಎಂಜಿನ್ ಬಿಸಿಯಾದದ್ದೇ ಜೀಪು ಏದುಸಿರು ಬಿಡತೊಡಗಿತು.

ನನಗೆ ಗೋಡೆಯ ಈಚೆಗೆ ಅದರ ಜೊತೆ ಇನ್ನೊಂದು ಸದ್ದು ಕೇಳುತ್ತಿತ್ತು. ಎಂಜಿನ್ನಿನ ದಡದಡದ ಅಡಿಯಲ್ಲಿ ಸಣ್ಣಗೆ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡಂಥ ಸದ್ದು. ಮೊದಲ ಸಲವೇ ಕೇಳಿತ್ತು. ಊಟಕ್ಕೆ ಬಂದಾಗ ಹೇಳಿಯೂ ಇದ್ದೆ.

"ಎಲ್ಲೋ ಗಾಳಿ ಎಳ್ಯಾಕ ಹತ್ತೈತಿ ನೋಡ್ರಿ ಅದು."

"ಎಲ್ಲಿ ಗಾಳಿ? ನಾ ಅದರ ಮುಂದ ನಿಂತೀನಿ, ನನಗ ಕೇಳ್ಸಲ್ಲ. ನೀ ಅಡಿಗಿ ಮನ್ಯಾಗ ಕುಂತು ಎಂಜಿನ್ ರಿಪೇರಿ ಮಾಡ್ತಿಯೇನು?"

ಎರಡನೇ ಸಲ ಹೇಳಲಿಲ್ಲ. ಮೂರನೇ ಸಲ ನಾನು ಶೇಂಗಾ ಹುರಿಯುತ್ತಿದ್ದೆ. ಆಚೆ ಸಾಹೇಬರು ಕುರ್ಚಿಯಲ್ಲಿ ಕೂತು, "ಇರಲಿ ಬಿಡ್ರಿ ಮೇಸ್ತ್ರಿ, ವಯಸ್ಸಾಗ್ಯದ ಅದಕ್ಕ" ಎನ್ನುವುದು ಕೇಳಿಸಿತು. ನನ್ನ ಗಂಡ ಸ್ಪ್ಯಾನರನ್ನು ಬೆಂಚಿನ ಮೇಲೆ ಇಟ್ಟ ಸದ್ದಾಯಿತು. ಅವರು ಒಂದು ಗಾಡಿಯ ಮುಂದೆ ಹಾಗೆ ಕೈಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ಒಲೆ ಆರಿಸಿ, ಒಂದು ಸೌಟಿನಲ್ಲಿ ಅಡುಗೆ ಎಣ್ಣೆ ತೆಗೆದುಕೊಂಡು ಗ್ಯಾರೇಜಿಗೆ ಹೋದೆ.

ಎಣ್ಣೆಯ ಉಪಾಯ ಅಪ್ಪನದು. ಪಂಪಿನ ಯಾವುದೋ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ ಎನಿಸಿದರೆ ಅವನು ಅಲ್ಲಿ ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದ. ಸಂದು ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಅಷ್ಟು ಹೊತ್ತು ಗಾಳಿ ನಿಲ್ಲುತ್ತದೆ, ಎಂಜಿನ್ ಸರಿಹೋಗುತ್ತದೆ.

"ಏನಿದು?" ಎಂದರು ಇವರು.

"ಎಂಜಿನ್ ಚಾಲೂ ಇರ್ಲಿ. ಬಂದ್ ಮಾಡಬ್ಯಾಡ್ರಿ" ಎಂದೆ.

ಬಾನೆಟ್ಟಿನೊಳಗೆ ತಲೆ ಬಗ್ಗಿಸಿದರೆ ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಸ್ಪಷ್ಟವಾಗಿತ್ತು. ಕಾರ್ಬೊರೇಟರಿನಿಂದಲ್ಲ, ಅದರ ಅಡಿಯಿಂದ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಬೆರಳು ದಪ್ಪದ ಒಂದು ಕಪ್ಪು ಬೇಕಲೈಟ್ ತುಂಡಿತ್ತು, ಬಿಸಿ ಮೇಲೆ ಹತ್ತದಿರಲೆಂದು ಇಟ್ಟದ್ದು. ಅದರ ಹಿಂಬದಿಗೆ ಸೌಟು ವಾಲಿಸಿ ಎಣ್ಣೆ ಬಿಟ್ಟೆ. ಆ ಸಣ್ಣ ಸದ್ದು ತಟ್ಟನೆ ನಿಂತಿತು. ಎಂಜಿನ್ ಒಂದು ಉಸಿರು ಹಿಡಿದಂತೆ ಮಾಡಿ, ಆಮೇಲೆ ಸಮನಾಗಿ ನಡೆಯತೊಡಗಿತು. ನಾಲ್ಕೈದು ಎಣಿಸುವಷ್ಟು ಹೊತ್ತು. ಎಣ್ಣೆ ಒಳಗೆ ಹೋದ ಮೇಲೆ ಮತ್ತೆ ಮೊದಲಿನಂತೆ.

ಸಣ್ಣ ಸದ್ದು ಅವರಿಗೆ ಕೇಳದಿದ್ದರೂ ಎಂಜಿನ್ನಿನ ನಡೆ ಬದಲಾದದ್ದು ಕೇಳಿತ್ತು. ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಎಣ್ಣೆ ಬಿಟ್ಟರು. ಆಮೇಲೆ ಎಂಜಿನ್ ಬಂದ್ ಮಾಡಿ ಆ ತುಂಡನ್ನು ಬಿಚ್ಚಿದರು. ಕೂದಲೆಳೆಯಂಥ ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಂಡು, ಬಿಸಿಯಾದಾಗ ಬಾಯಿ ಬಿಡುತ್ತಿತ್ತು.

ಸಾಹೇಬರು ಖುಷಿಯಿಂದ ಎದ್ದುನಿಂತು ನಕ್ಕರು. "ಏನ್ ಮೇಸ್ತ್ರಿ, ಡಾಕ್ಟರನ್ನ ಮನ್ಯಾಗ ಇಟ್ಕೊಂಡು ಮೂರು ಸಲ ನನ್ನ ತಿರುಗಿಸಿದ್ರಲ್ಲ!"

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ಗಂಡನ ಮುಖ ನೋಡಿ, ನಾನು ಸಾಹೇಬರ ಎದುರು ಹೀಗೆ ಬರಬಾರದಿತ್ತು ಎನಿಸಿತು. ಇವರು ಹೊಸ ತುಂಡು ಹಾಕಿ, ಜೀಪು ಕಳಿಸಿ, ಕೈ ತೊಳೆದು, ಊಟ ಮಾಡದೆ ಹೊರಗೆ ಹೋದರು.

ನಾಲ್ಕು ದಿನ ಮಾತಿಲ್ಲ. ನಾನೂ ಕೆಣಕಲಿಲ್ಲ. ಐದನೆಯ ದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತವರು ರೊಟ್ಟಿ ಮುರಿಯದೆ ಕೇಳಿದರು.

"ಮೂರು ಸಲಾನೂ ನಿನಗ ಖರೇನ ಕೇಳಿಸ್ತೇನು?"

"ಹೂಂ."

"ಈಗ ಏನೇನ್ ಕೇಳಿಸ್ತೈತಿ, ಹೇಳು."

ನಾನು ಸುಮ್ಮನೆ ಕೂತು ಕೇಳಿ ಹೇಳಿದೆ. ಫ್ಯಾನು ಒಂದೊಂದು ಸುತ್ತಿಗೂ ಟಿಕ್ ಎನ್ನುತ್ತಿತ್ತು. ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಜಾಲಿ ಕಿಂಡಿಯಲ್ಲಿ ಗುಬ್ಬಿ ಮರಿಗಳಿದ್ದವು.

ಅವರು ತಲೆಯೆತ್ತಿ ಫ್ಯಾನು ನೋಡಿದರು. "ಗಾಳಿ ಮೈಗೆ ಬಡೀತೈತಿ. ಸದ್ದು ಇಲ್ಲ" ಎಂದರು. ಆಮೇಲೆ ಕಿಂಡಿಯ ಕಡೆ ತಿರುಗಿ, "ಗುಬ್ಬಿ ಯಾವಾಗಿಂದ ಅದಾವು ಅಲ್ಲಿ?" ಎಂದು ಕೇಳಿದರು. ಎರಡು ತಿಂಗಳಿಂದ ಎಂದೆ. ಆಗ ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ರೊಟ್ಟಿ ಮುರಿದು ಉಣ್ಣತೊಡಗಿದರು.

ಬಳ್ಳಾರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆವು. ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಾನು ಹೊರಗೆ ನಿಂತು ನೋಡುತ್ತಿದ್ದೆ. ಮೊದಮೊದಲು ಬೆರಳು ಆಡುತ್ತಿತ್ತು. ಆಮೇಲೆ ಬಹಳ ಹೊತ್ತು ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು. ಅವರು ಮುಗಿಯಿತೇನೋ ಎಂಬಂತೆ ನನ್ನ ಕಡೆ ನೋಡಿದರು. ಮುಗಿದಿರಲಿಲ್ಲ.

ಡಾಕ್ಟರು ಹೆಂಗಸು, ನಮಗಿಂತ ಚಿಕ್ಕವರು. ಕಾಗದದ ಮೇಲಿನ ಗೆರೆ ತೋರಿಸಿ ತಿಳಿಸಿ ಹೇಳಿದರು. ದಪ್ಪ ಸದ್ದು ಕೇಳುತ್ತದೆ, ಸಣ್ಣ ಸದ್ದು ಹೋಗಿದೆ, ಅದು ವಾಪಸು ಬರುವುದಿಲ್ಲ. "ಮೊದ್ಲು ಎಲ್ಲಾದ್ರೂ ಭಾಳ ಸದ್ದಿರೋ ಕಡೆ ಕೆಲ್ಸ ಮಾಡಿದ್ರೇನ್ರಿ?" ಎಂದು ಕೇಳಿದರು. ಗ್ಯಾರೇಜು ಹಾಕುವ ಮುಂಚೆ ಇವರು ಸಂಡೂರಿನ ಕಡೆ ಅದಿರು ಪುಡಿ ಮಾಡುವ ಕ್ರಷರಿನಲ್ಲಿ ಎಂಟು ವರ್ಷ ಇದ್ದರು. ಕಿವಿಗೆ ಹತ್ತಿ ಸಹ ಇಟ್ಟುಕೊಂಡವರಲ್ಲ.

ಕಿವಿಗೆ ಮಷೀನು ಹಾಕಿಸಿಕೊಂಡು ಬಂದರು. ಮನೆಯಲ್ಲಿ ಅದರಿಂದ ಅನುಕೂಲವಾಯಿತು. ಮೊದಲ ದಿನ ತಮ್ಮ ಚಪ್ಪಲಿಯ ಸದ್ದಿಗೇ ಬೆಚ್ಚಿ ಹಿಂದೆ ನೋಡಿದರು. ಗ್ಯಾರೇಜಿನಲ್ಲಿ ಮಾತ್ರ ಅದು ಕೆಲಸಕ್ಕೆ ಬರಲಿಲ್ಲ. ಎಂಜಿನ್ ಹಚ್ಚಿದರೆ ಎಲ್ಲ ಸದ್ದೂ ಒಂದೇ ಸಲ ತಲೆಯೊಳಗೆ ನುಗ್ಗುತ್ತಿತ್ತಂತೆ. ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಗ್ಯಾರೇಜು ಮುಚ್ಚುವ ಮಾತನ್ನು ಅವರು ಒಂದು ಸಲ ಆಡಿದರು. ಮರುದಿನ ಬೆಳಿಗ್ಗೆ ಒಂದು ಸ್ಕೂಟರ್ ಬಂತು. ಹತ್ತು ನಿಮಿಷ ಅದರ ಸದ್ದು ಏರಿತು, ಇಳಿಯಿತು. ಆಮೇಲೆ ಗೋಡೆಗೆ ಸ್ಪ್ಯಾನರಿನಿಂದ ಎರಡು ಸಲ ಬಡಿದರು. ಹಾಗೆ ಎಂದೂ ಬಡಿದಿರಲಿಲ್ಲ. ಹೋದೆ.

"ಇಲ್ಲಿ ನಿಂದ್ರು. ನಾ ತಿರುಗಸ್ತೀನಿ. ಸರಿ ಆದ ಕೂಡ್ಲೆ ಕೈ ಎತ್ತು" ಎಂದರು.

ಅಲ್ಲಿಂದ ನನ್ನ ಕಲಿಕೆ ಶುರುವಾಯಿತು. ಮೊದಲು ಕೈ ಎತ್ತುವುದು, ಆಮೇಲೆ ಸ್ಕ್ರೂಡ್ರೈವರ್ ನನ್ನ ಕೈಗೇ ಬಂತು. ಗಾಳಿಯ ಸ್ಕ್ರೂವನ್ನು ಎಂಜಿನ್ ತಡವರಿಸುವ ತನಕ ಒಳಗೆ ಬಿಗಿಯಬೇಕು, ಮತ್ತೆ ತಡವರಿಸುವ ತನಕ ಹೊರಗೆ ಸಡಿಲಿಸಬೇಕು, ಆ ಎರಡರ ನಡುವೆ ಎಲ್ಲೋ ಒಂದು ಕಡೆ ಅದು ನೆಮ್ಮದಿಯಾಗುತ್ತದೆ. ಆ ಜಾಗ ನನಗೆ ಕೂಡಲೇ ಸಿಗುತ್ತಿತ್ತು. ಹೆಸರುಗಳು ಸಿಗುತ್ತಿರಲಿಲ್ಲ. ಜೆಟ್ಟು, ನೀಡಲ್ಲು, ಕಂಡೆನ್ಸರು, ರೋಟರು ಎಲ್ಲವನ್ನೂ ಹಳೆಯ ಸೀರೆಯ ತುಂಡಿನ ಮೇಲೆ ಸಾಲಾಗಿಟ್ಟು ಕೇಳುತ್ತಿದ್ದರು. ತಪ್ಪು ಹೇಳಿದರೆ ಬೈಯುತ್ತಿದ್ದರು. ಶಾಲೆಯಲ್ಲಿ ಕೂಡ ನಾನು ಅಷ್ಟು ಬೈಸಿಕೊಂಡಿರಲಿಲ್ಲ.

ಬಂದ ಗಿರಾಕಿಗಳಲ್ಲಿ ಕೆಲವರು ನನ್ನನ್ನು ದಾಟಿ ಹಿಂದೆ ನೋಡುತ್ತಿದ್ದರು. ಸಂಡೂರಿನಿಂದ ಒಬ್ಬರು ವಿದೇಶಿ ಹಳೇ ಕಾರು ತಂದಿದ್ದರು. ವೇಗ ಏರಿಸಿದರೆ ಅದರ ಎಂಜಿನ್ ಪಟ್ ಪಟ್ ಎಂದು ಹೊಡೆತ ತಪ್ಪುತ್ತಿತ್ತು. ನಾನು ಬಾನೆಟ್ ಎತ್ತಿದ್ದನ್ನು ನೋಡಿ ಅವರು, "ಮೇಸ್ತ್ರಿ ಇಲ್ಲೇನ್ರಿ?" ಎಂದರು.

ನನ್ನ ಗಂಡ ಬೆಂಚಿನಿಂದಲೇ ಹೇಳಿದರು: "ಕಿವಿ ಅಕಿಂದು, ಕಣ್ಣು ನಂದು. ನಿಮಗ ಗಾಡಿ ನೆಟ್ಟಗಾದ್ರ ಆತಿಲ್ಲೋ?"

ಆ ಮಾತು ಕೇಳಿ ನನಗೆ ಸ್ವಲ್ಪ ತಲೆ ತಿರುಗಿತೆಂದೇ ಹೇಳಬೇಕು. ಎರಡು ನಿಮಿಷ ಕೇಳಿ, "ಪೆಟ್ರೋಲ್ ಸಾಲವಲ್ದು. ಕಾರ್ಬೊರೇಟರ್ ಬಿಚ್ಚಬೇಕು" ಎಂದು ತೀರ್ಪು ಕೊಟ್ಟೆ. ಬಿಚ್ಚಿ ತೊಳೆದು ಕೂಡಿಸಿದೆ. ಹಾಗೇ ಇತ್ತು. ಮತ್ತೆ ಬಿಚ್ಚಿದೆ. ಎರಡು ದಿನ ಹೋಯಿತು. ಇವರು ಬೆಂಚಿನ ಮೇಲೆ ಬೇರೇನೋ ತಿಕ್ಕುತ್ತ ಕೂತಿದ್ದರು. ಮೂರನೆಯ ಸಲ ನಾನು ಸ್ಪ್ಯಾನರ್ ಎತ್ತಿಕೊಂಡಾಗ ಎದ್ದು ಬಂದರು.

"ಪಾಯಿಂಟ್ ನೋಡಿದಿಯೇನು?"

ನೋಡಿರಲಿಲ್ಲ. ಕಿಡಿ ಹಂಚುವ ಡಬ್ಬಿಯ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ. ಅವರು ತೆಗೆದು ತೋರಿಸಿದರು. ಕಿಡಿ ಕೊಡುವ ಎರಡು ಪುಟ್ಟ ಬಿಲ್ಲೆಗಳ ಬಾಯಿ ಸುಟ್ಟು ನೀಲಿಯಾಗಿ, ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು. ಕಂಡೆನ್ಸರ್ ಹೋದರೆ ಹಾಗಾಗುತ್ತದೆ. ಹೊಸದು ಹಾಕಿ, ಪಾಯಿಂಟುಗಳನ್ನು ಬದಲಿಸಿ, ಸಿಗರೇಟು ಪ್ಯಾಕಿನ ರಟ್ಟಿನಷ್ಟು ಅಂತರ ಬಿಟ್ಟರು. ಕಾರು ಒಂದೇ ಸಲಕ್ಕೆ ಹಚ್ಚಿಕೊಂಡು ನುಣ್ಣಗೆ ನಡೆಯಿತು. ನನಗೆ ನಾಚಿಕೆಯಾಯಿತು.

"ಮೊದ್ಲ ಯಾಕ ಹೇಳ್ಲಿಲ್ಲ?" ಎಂದು ಗಿರಾಕಿ ಹೋದ ಮೇಲೆ ಕೇಳಿದೆ.

"ಸದ್ದು ಬ್ಯಾನಿ ಐತಿ ಅಂತ ಅಷ್ಟ ಹೇಳ್ತೈತಿ, ಎಲ್ಲಿ ಐತಿ ಅಂತ ಹೇಳಲ್ಲ. ಇದು ಹೇಳಿದ್ರ ಬರಂಗಿಲ್ಲ" ಎಂದು ಅವರು ನಕ್ಕರು. "ನಾನೂ ಭಾಳ ಸಲ ಹಿಂಗ ಬಿಚ್ಚೀನಿ. ಕಿಡಿ ನೋಡೂ ತನಕ ಪೆಟ್ರೋಲ್ ಮುಟ್ಟಬ್ಯಾಡ." ಆಸ್ಪತ್ರೆಗೆ ಹೋಗಿಬಂದ ಮೇಲೆ ಅವರು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ನನ್ನ ಸೋಲಿಗೆ ನಕ್ಕದ್ದಾದರೂ ಚಿಂತೆಯಿಲ್ಲ ಎನಿಸಿತು.

ಈಗ ಕೆಲಸ ಹೀಗೆ ನಡೆಯುತ್ತದೆ. ಬೆಳಿಗ್ಗೆ ಅಡುಗೆ ಮುಗಿಸಿ, ಸೀರೆಯ ಮೇಲೆ ಅವರ ಹಳೇ ಅಂಗಿ ಹಾಕಿಕೊಂಡು ನಾನು ಆಚೆ ಹೋಗುತ್ತೇನೆ. ಬಂದದ್ದು ಯಾವ ಗಾಡಿಯದು, ಯಾವ ಕಾಲದ್ದು, ಅದಕ್ಕೆ ಯಾವುದು ಹೊಂದುತ್ತದೆ ಎಂಬುದು ಅವರ ಪಾಲು. ಬಿಚ್ಚಿ ಕಟ್ಟುವುದೂ ಹೆಚ್ಚಾಗಿ ಅವರದೇ, ಅವರ ಬೆರಳಿನ ಹದ ನನಗೆ ಬಂದಿಲ್ಲ. ಎಂಜಿನ್ ಹಚ್ಚಿದ ಮೇಲಿನದು ನನ್ನದು. ಸದ್ದಿನಲ್ಲಿ ಮಾತು ಕೇಳದ ಕಾರಣ ನಾವು ಕೈಯಲ್ಲೇ ಮಾತಾಡುತ್ತೇವೆ. ಅಂಗೈ ಅಡ್ಡ ಆಡಿಸಿದರೆ ಹೊಡೆತ ತಪ್ಪುತ್ತಿದೆ ಎಂದರ್ಥ, ಮುಷ್ಟಿ ಹಿಡಿದರೆ ಇಷ್ಟು ಸಾಕು ಎಂದರ್ಥ. ಜಗಳವೂ ಕೈಯಲ್ಲೇ ಆಗುತ್ತದೆ.

ಹೋದ ಚಳಿಗಾಲದಲ್ಲಿ ಡ್ಯಾಮಿನ ಸಾಹೇಬರು ಬುಕ್ಕಸಾಗರದ ತಮ್ಮ ಬೀಗರ ಮನೆಗೆ ಊಟಕ್ಕೆ ಹೊರಟವರು ನಮ್ಮನ್ನೂ ಎಳೆದುಕೊಂಡು ಹೋದರು. "ನೀವು ರಿಪೇರಿ ಮಾಡಿದ್ದ್ರಾಗ ನೀವ ಒಂದಿನ ಕೂಡಲಿಲ್ಲ ಅಂದ್ರ ಹ್ಯಾಂಗ, ಬರ್ರಿ" ಎಂದರು. ಹೌದು, ಅಷ್ಟು ವರ್ಷ ಗಾಡಿಗಳ ಪಕ್ಕ ಬಾಳಿದರೂ ಅವುಗಳಲ್ಲಿ ಕೂತು ಎಲ್ಲಿಗೂ ಹೋದವಳಲ್ಲ ನಾನು. ಇವರು ಮುಂದೆ, ನಾನು ಹಿಂದೆ.

ಕಮಲಾಪುರ ದಾಟಿದ ಮೇಲೆ ಎರಡೂ ಕಡೆ ಗದ್ದೆ. ಕೊಯ್ಲಿನ ಮಷೀನೊಂದು ರಸ್ತೆ ತುಂಬ ಬರುತ್ತಿತ್ತು. ಅದು ದಾಟಲೆಂದು ಜೀಪು ಪಕ್ಕಕ್ಕೆ ನಿಂತಿತು. ಬಿಸಿ ಎಂಜಿನ್, ನಿಂತ ಗಾಡಿ. ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಹ್ಯಾಂಗದ ತಂಗಿ?"

"ಚಲೋ ಐತಿ ಸಾರ್. ನಿಂತಾಗ ಸ್ಪೀಡು ಒಂಚೂರು ಜಾಸ್ತಿ ಐತಿ, ಸ್ಕ್ರೂ ಕಾಲು ಸುತ್ತು ಇಳಿಸಿದ್ರ ಸಾಕು."

ಇವರು ಜೇಬಿನಿಂದ ಮಷೀನು ತೆಗೆದು ಕಿವಿಗಿಟ್ಟುಕೊಂಡು, "ಏನಂತಾಳ?" ಎಂದು ಕೇಳಿದರು. ಸಾಹೇಬರು ಹೇಳಿದರು. ಇವರು ಡ್ಯಾಶಿನ ಮೇಲೆ ಅಂಗೈಯಿಟ್ಟು ಎಂಜಿನ್ನಿನ ನಡುಕ ನೋಡಿ, "ಇರ್ಲಿ ಬಿಡ್ರಿ, ಊಟದ ಹೊತ್ತಾತು, ಬರೂ ಮುಂದ ನೋಡೋಣು" ಎಂದರು. ಕೊಯ್ಲಿನ ಮಷೀನು ದಾಟಿತು. ಜೀಪು ಮುಂದೆ ಹೋಯಿತು. ಬೀಗರ ಮನೆಯಲ್ಲಿ ಹೊಸ ಅಕ್ಕಿಯ ಅನ್ನ, ಹುಳಿ, ಹೆಸರುಬೇಳೆ ಪಾಯಸ ಮಾಡಿದ್ದರು. ಊಟವಾದ ಮೇಲೆ ಆ ಮನೆಯ ಹಿರಿಯರು ಹಿತ್ತಲಲ್ಲಿ ಬಿದ್ದಿದ್ದ ಒಂದು ತುಕ್ಕು ಹಿಡಿದ ಕಾರ್ಬೊರೇಟರ್ ತಂದು ನನ್ನ ಗಂಡನ ಕೈಗಿಟ್ಟರು. ಅವರು ತೂಕ ನೋಡಿದರು, ಬೆರಳು ತೂರಿಸಿದರು, ಬಾಯಿ ತೆರೆದು ಹೇಳಹೊರಟವರು ಅದನ್ನು ನನ್ನ ಕೈಗೆ ದಾಟಿಸಿದರು.

"ನೀ ಹೇಳು" ಎಂದರು.

ನಾನು ಸ್ಕ್ರೂ ಎಣಿಸಿ, ಪೈಪಿನ ಬದಿ ನೋಡಿ, ಸ್ಕೂಟರಿನದು ಎಂದೆ. ತಪ್ಪಾಗಿತ್ತು. ಅದು ಮೂರು ಗಾಲಿಯ ಹಳೇ ಆಟೋದ್ದು.